ಸ್ವಪಕ್ಷದಲ್ಲಿ ನಾಯಕವಿಮರ್ಶೆ: ಕೃಷ್ಣಾತೀರದ ಕೆಲವು ದೃಷ್ಟಾಂತಗಳು



ದತ್ತಿ ಉಪನ್ಯಾಸವೆಂಬ ಪದ್ಧತಿಯಲ್ಲಿ ಒಂದು ವಿಶೇಷ ಸೌಕರ್ಯವಿದೆ. ಉಪನ್ಯಾಸಕನಿಗೆ ಚುನಾವಣೆಯ ಟಿಕೆಟ್ಟಿನ ಆಸೆಯಿಲ್ಲ, ಶ್ರೋತೃಗಳಿಗೆ ಜಯಕಾರ ಹಾಕುವ ನಿರ್ಬಂಧವಿಲ್ಲ, ಮೂಲಧನವನ್ನು ಇಟ್ಟು ಹೋದ ಪುಣ್ಯಾತ್ಮರು ಯಾವ ಪಕ್ಷದ ಪ್ರತಿಫಲವನ್ನೂ ನಿರೀಕ್ಷಿಸುವಂತಿಲ್ಲ. ಆದುದರಿಂದ ಯಾವ ಮಾತನ್ನು ಪಕ್ಷದ ವೇದಿಕೆಯ ಮೇಲೆ ಆಡಿದರೆ ಅದು ದ್ರೋಹವೆನಿಸುವುದೋ, ಪ್ರತಿಪಕ್ಷದ ವೇದಿಕೆಯ ಮೇಲೆ ಆಡಿದರೆ ಅದು ಬರಿಯ ಪ್ರಚಾರವೆನಿಸುವುದೋ, ಅಂಥ ಮಾತನ್ನು ಶಾಂತವಾಗಿ ವಿಚಾರಿಸಲು ಇಂಥ ಸಭೆಗಿಂತ ಉಚಿತವಾದ ಸ್ಥಳ ಮತ್ತೊಂದು ದೊರೆಯಲಾರದು. ಒಂದು ಪಕ್ಷದಲ್ಲಿ ಇದ್ದುಕೊಂಡೇ ಆ ಪಕ್ಷದ ನಾಯಕನ ದೋಷವನ್ನು ಬಹಿರಂಗವಾಗಿ ಹೇಳುವುದು ಧರ್ಮವೇ, ಅಧರ್ಮವೇ? ಹೇಳಿದವನ ಮಾತನ್ನು ಪ್ರಜೆಗಳು ಹೇಗೆ ಸ್ವೀಕರಿಸತಕ್ಕದ್ದು: ಇದೇ ನಾನು ಇಂದು ಎತ್ತಿಕೊಂಡಿರುವ ಪ್ರಶ್ನೆ.

ಈ ಪ್ರಶ್ನೆ ನಮಗೆ ಹೊಸದಲ್ಲ. ರಾಮಾಯಣ, ಮಹಾಭಾರತಗಳನ್ನು ಕೇಳಿ ಬೆಳೆದ ಜನಕ್ಕೆ ಒಳಗಿನ ವಿಮರ್ಶಕರ ಪರಿಚಯ ಚೆನ್ನಾಗಿಯೇ ಇದೆ. ವಿಭೀಷಣನು ಅಣ್ಣನಿಗೆ ಹಿತವನ್ನು ಹೇಳಿದನು, ಅಣ್ಣನು ಕೇಳಲಿಲ್ಲ, ತಮ್ಮನು ಆಚೆಯ ದಡಕ್ಕೆ ಹೋದನು, ಕಡೆಗೆ ಸಿಂಹಾಸನವೂ ಅವನಿಗೇ ದೊರೆಯಿತು. ಕುಂಭಕರ್ಣನು ಅದೇ ತಪ್ಪನ್ನು ಅಷ್ಟೇ ನಿಷ್ಠುರವಾಗಿ ಎತ್ತಿ ತೋರಿಸಿ, ಬಳಿಕ ಆ ತಪ್ಪಿನ ಪರವಾಗಿಯೇ ಹೋರಾಡಿ ಮಡಿದನು. ಆದರೆ ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದವನು ಕೌರವರಲ್ಲಿ ಒಬ್ಬನಾದ ವಿಕರ್ಣ. ದ್ರೌಪದಿಯನ್ನು ಪಣವಾಗಿ ಒಡ್ಡುವ ಅಧಿಕಾರ ತನ್ನನ್ನೇ ಸೋತ ಧರ್ಮಜನಿಗೆ ಇತ್ತೇ ಎಂಬ ನ್ಯಾಯದ ಪ್ರಶ್ನೆಗೆ ಭೀಷ್ಮದ್ರೋಣಾದಿಗಳು ಉತ್ತರ ಕೊಡಲಾರದೆ ಕುಳಿತಿದ್ದಾಗ, ದುರ್ಯೋಧನನ ಸಭೆಯಲ್ಲಿ, ದುರ್ಯೋಧನನ ಎದುರಿನಲ್ಲಿ, ಅವನ ತಮ್ಮನೇ ಎದ್ದು ನಿಂತು ಆಕೆ ಗೆಲ್ಲಲ್ಪಟ್ಟಿಲ್ಲವೆಂದು ವಾದಿಸಿದನು. ಕರ್ಣನು ಅವನನ್ನು ಹುಡುಗನೆಂದು ಗದರಿಸಿ ಕೂರಿಸಿದನು. ಆ ಗದರಿಕೆಯಲ್ಲಿ ಪ್ರತಿವಾದವೂ ಇತ್ತು. ಆದರೆ ಹಿರಿಯರು ಸುಮ್ಮನಿರುವಾಗ ನೀನಾರು ಎಂಬುದೇ ಅದರ ಮೊದಲ ಮಾತು. ವಿಕರ್ಣನ ಮಾತಿನಿಂದ ಅವನಿಗೆ ಲಾಭವೇನೂ ಆಗಲಿಲ್ಲ. ಕುರುಕ್ಷೇತ್ರದಲ್ಲಿ ಅಣ್ಣನ ಪಕ್ಷದಲ್ಲಿಯೇ ನಿಂತು ಭೀಮನ ಕೈಯಲ್ಲಿ ಹತನಾದನು. ಕೊಂದ ಭೀಮನೇ ಅವನಿಗಾಗಿ ಮರುಗಿದನೆಂದು ವ್ಯಾಸರು ಹೇಳುತ್ತಾರೆ.

ಈ ಮೂವರಲ್ಲಿ ಯಾರು ಶ್ರೇಷ್ಠರೆಂಬ ಜಿಜ್ಞಾಸೆಯನ್ನು ಪುರಾಣಿಕರಿಗೆ ಬಿಡೋಣ. ನಮಗೆ ಬೇಕಾದದ್ದು ಇಷ್ಟು: ಮೂವರೂ ಆಡಿದ ಮಾತು ಸತ್ಯವಾಗಿತ್ತು. ವಿಭೀಷಣನಿಗೆ ರಾಜ್ಯ ದೊರೆತದ್ದರಿಂದ ಅವನ ಹಿತವಚನ ಸುಳ್ಳಾಗಲಿಲ್ಲ. ವಿಕರ್ಣನಿಗೆ ಏನೂ ದೊರೆಯದಿದ್ದುದರಿಂದ ಅವನ ನ್ಯಾಯಕ್ಕೆ ಅಧಿಕ ಪುಷ್ಟಿಯೂ ಬರಲಿಲ್ಲ. ನುಡಿದವನಿಗೆ ಆದ ಲಾಭನಷ್ಟಗಳಿಂದ ನುಡಿಯನ್ನು ಅಳೆಯುವುದು ತರ್ಕದೋಷ. ನಮ್ಮ ರಾಜಕೀಯ ಚರ್ಚೆಯೆಲ್ಲ ಈ ದೋಷದ ಮೇಲೆಯೇ ನಡೆಯುತ್ತಿದೆಯೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ನಾಯಕನಾದವನು ಸ್ವಪಕ್ಷದ ವಿಮರ್ಶೆಯನ್ನು ಹೇಗೆ ಸ್ವೀಕರಿಸಬೇಕೆಂಬುದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ ನಡೆಯಿತು. ಮಹಾತ್ಮಾ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಆ ವೈಭವವನ್ನು ನಾವು ಮತ್ತೆ ಮತ್ತೆ ಕೊಂಡಾಡುತ್ತೇವೆ, ಗಂಗಾಧರರಾವ್ ದೇಶಪಾಂಡೆಯವರ ವ್ಯವಸ್ಥಾಚಾತುರ್ಯವನ್ನು ಸ್ಮರಿಸುತ್ತೇವೆ; ಆದರೆ ಗಾಂಧೀಜಿ ಆ ಪೀಠಕ್ಕೆ ಬಂದದ್ದು ಗೆದ್ದ ನಾಯಕನಾಗಿ ಅಲ್ಲವೆಂಬುದನ್ನು ಮರೆಯುತ್ತೇವೆ. ಅದೇ ವರ್ಷದ ಜೂನ್ ತಿಂಗಳಿನಲ್ಲಿ ಅಹಮದಾಬಾದಿನ ಮಹಾಸಮಿತಿಯ ಸಭೆಯಲ್ಲಿ, ಪದಾಧಿಕಾರಿಗಳು ನೂಲದಿದ್ದರೆ ಪದವಿ ಕಳೆದುಕೊಳ್ಳಬೇಕೆಂಬ ಅವರ ನಿರ್ಣಯವನ್ನು ಪ್ರತಿಭಟಿಸಿ ಚಿತ್ತರಂಜನ ದಾಸ್, ಮೋತಿಲಾಲ್ ನೆಹರೂ ಮೊದಲಾದ ಸ್ವರಾಜ್ಯಪಕ್ಷೀಯರು ಸಭೆಯಿಂದ ಹೊರನಡೆದಿದ್ದರು. ಹಿಂಸಾಕೃತ್ಯವನ್ನು ಖಂಡಿಸುವ ಇನ್ನೊಂದು ನಿರ್ಣಯ ಎಂಟೇ ಮತಗಳ ಅಂತರದಿಂದ ಉಳಿದಿತ್ತು. ಅಹಿಂಸೆಯ ವಿಷಯದಲ್ಲಿಯೇ ತನ್ನ ಸಂಸ್ಥೆಯ ಅರ್ಧದಷ್ಟು ಜನ ತನ್ನ ಜೊತೆಗಿಲ್ಲವೆಂದು ಕಂಡ ಆ ನಾಯಕನು ಶಿಸ್ತುಸಮಿತಿಯನ್ನು ಕರೆಯಲಿಲ್ಲ. ತಾನು ಸೋತೆನೆಂದು ತನ್ನ ಪತ್ರಿಕೆಯಲ್ಲಿ ಬರೆದುಕೊಂಡನು. ದಂಡನೆಯ ಉಪವಾಕ್ಯವನ್ನು ತಾನೇ ತೆಗೆಸಿದನು. ನವೆಂಬರಿನಲ್ಲಿ ವಿರೋಧಿಗಳೊಡನೆ ಒಪ್ಪಂದ ಮಾಡಿಕೊಂಡು, ಶಾಸನಸಭೆಯೊಳಗಿನ ಕಾರ್ಯವನ್ನು ಅವರಿಗೆ ಬಿಟ್ಟುಕೊಟ್ಟು, ಆ ಒಪ್ಪಂದಕ್ಕೆ ಬೆಳಗಾವಿಯಲ್ಲಿ ಅಂಗೀಕಾರ ಪಡೆದನು. ತಾನು ಒಪ್ಪದ ಮಾರ್ಗಕ್ಕೆ ತನ್ನ ಅಧ್ಯಕ್ಷತೆಯಲ್ಲಿಯೇ ಅವಕಾಶ ಮಾಡಿಕೊಟ್ಟದ್ದು ಆ ಅಧಿವೇಶನದ ನಿಜವಾದ ಮಹಿಮೆಯೆಂದು ನನ್ನ ಭಾವನೆ.

ಸ್ವಾತಂತ್ರ್ಯಾನಂತರವೂ ಈ ಸಂಪ್ರದಾಯ ಕೆಲವು ಕಾಲ ಉಳಿದಿತ್ತು. ಜೀವವಿಮಾ ನಿಗಮವು ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಆರು ಸಂಸ್ಥೆಗಳಲ್ಲಿ 1.24 ಕೋಟಿ ರೂಪಾಯಿಗಳನ್ನು ತೊಡಗಿಸಿದ್ದನ್ನು 1957ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಬಯಲಿಗೆಳೆದವರು ಪ್ರತಿಪಕ್ಷದವರಲ್ಲ. ಕಾಂಗ್ರೆಸ್ ಸದಸ್ಯರೂ ಪ್ರಧಾನಮಂತ್ರಿಯ ಅಳಿಯಂದಿರೂ ಆಗಿದ್ದ ಫಿರೋಜ್ ಗಾಂಧಿಯವರು. ಛಾಗ್ಲಾ ಆಯೋಗ ಬಹಿರಂಗ ವಿಚಾರಣೆ ನಡೆಸಿತು, ಅರ್ಥಸಚಿವ ಟಿ.ಟಿ. ಕೃಷ್ಣಮಾಚಾರಿಯವರು 1958ರ ಫೆಬ್ರವರಿಯಲ್ಲಿ ರಾಜೀನಾಮೆಯಿತ್ತರು. ಫಿರೋಜರನ್ನು ಪಕ್ಷದಿಂದ ಯಾರೂ ಉಚ್ಚಾಟಿಸಲಿಲ್ಲ. ಅದೇ 1958ರಲ್ಲಿ ನಮ್ಮ ರಾಜ್ಯದಲ್ಲಿ ಶಾಸಕಾಂಗ ಪಕ್ಷದೊಳಗಿನ ಭಿನ್ನಮತದಿಂದ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿ ಪದವಿಯನ್ನು ಬಿಡಬೇಕಾಗಿ ಬಂದು, ಅಥಣಿಗೆ ನೆರೆಯ ಜಮಖಂಡಿಯ ಬಿ.ಡಿ. ಜತ್ತಿಯವರು ಆ ಸ್ಥಾನಕ್ಕೆ ಬಂದರು. ಪಕ್ಷ ಒಡೆಯಲಿಲ್ಲ. ನಾಲ್ಕು ವರ್ಷಗಳ ಅನಂತರ ನಿಜಲಿಂಗಪ್ಪನವರೇ ಮರಳಿ ಅಧಿಕಾರ ವಹಿಸಿಕೊಂಡರು.

ಆಂಗ್ಲರ ಚರಿತ್ರೆಯಿಂದ ಒಂದು ನಿದರ್ಶನವನ್ನು ಸೇರಿಸುವುದಕ್ಕೆ ಅಪ್ಪಣೆಯಾಗಲಿ. 1940ರ ಮೇ ತಿಂಗಳಿನಲ್ಲಿ, ನಾರ್ವೆಯಲ್ಲಿ ಆದ ಪರಾಭವದ ಚರ್ಚೆ ನಡೆದಾಗ, ಪ್ರಧಾನಿ ಚೇಂಬರ್ಲೇನರು ತೊಲಗಬೇಕೆಂದು ಅತ್ಯಂತ ಕಠೋರವಾಗಿ ನುಡಿದವರು ಅವರ ಪಕ್ಷದವರೇ ಆದ ಲಿಯೋ ಏಮರಿ. ಇನ್ನೂರಕ್ಕೂ ಮೀರಿದ್ದ ಸರ್ಕಾರದ ಬಹುಮತ 81ಕ್ಕೆ ಇಳಿಯಿತು. ಎರಡು ದಿನಗಳಲ್ಲಿ ಚೇಂಬರ್ಲೇನರು ರಾಜೀನಾಮೆ ಕೊಟ್ಟರು. ಆ ಏಮರಿಯವರು ಮುಂದೆ ಚರ್ಚಿಲ್ಲರ ಮಂತ್ರಿಮಂಡಲದಲ್ಲಿ ಭಾರತಸಚಿವರಾದರು. 1942ರಲ್ಲಿ ನಮ್ಮ ನಾಯಕರನ್ನೆಲ್ಲ ಕಾರಾಗೃಹಕ್ಕೆ ತಳ್ಳಿದಾಗ ಆ ಖಾತೆ ಅವರದೇ. ಸ್ವಪಕ್ಷದ ದೋಷವನ್ನು ಧೈರ್ಯದಿಂದ ಹೇಳಿದವನು ಸರ್ವವಿಷಯಗಳಲ್ಲಿಯೂ ಧರ್ಮಾತ್ಮನಾಗಿರಬೇಕೆಂಬ ನಿಯಮವಿಲ್ಲ. ಪದವಿ ದೊರೆಯಿತೆಂಬ ಕಾರಣದಿಂದ ಅವನು ಹಿಂದೆ ಹೇಳಿದ್ದು ಅಸತ್ಯವಾಗುವುದೂ ಇಲ್ಲ.

ಇನ್ನು ನಮ್ಮ ಕಾಲಕ್ಕೂ ನಮ್ಮ ನೆಲಕ್ಕೂ ಬರೋಣ. 1985ರಲ್ಲಿ ಸಂವಿಧಾನದ 52ನೆಯ ತಿದ್ದುಪಡಿಯಿಂದ ಹತ್ತನೆಯ ಅನುಸೂಚಿ ಸೇರ್ಪಡೆಯಾಯಿತು. ಹಗಲು ಒಂದು ಪಕ್ಷ, ಇರುಳು ಒಂದು ಪಕ್ಷವೆಂಬಂತೆ ಶಾಸಕರು ಹಾರಾಡುತ್ತಿದ್ದ ಕಾಲದಲ್ಲಿ ಅದರ ಉದ್ದೇಶ ಶ್ಲಾಘ್ಯವಾದುದೇ. ಸ್ವೇಚ್ಛೆಯಿಂದ ಪಕ್ಷದ ಸದಸ್ಯತ್ವವನ್ನು ತ್ಯಜಿಸಿದವನೂ, ಪಕ್ಷದ ಆಜ್ಞೆಯನ್ನು, ಅಂದರೆ ವಿಪ್ಪನ್ನು, ಮೀರಿ ಮತ ಕೊಟ್ಟವನೂ ಅನರ್ಹನೆಂದು ಅದು ವಿಧಿಸಿತು. ನಾಯಕನನ್ನು ಟೀಕಿಸಬಾರದೆಂದು ಅದು ಎಲ್ಲಿಯೂ ಹೇಳಿಲ್ಲ. ಆದರೆ ವಿಪ್ಪನ್ನು ಯಾವ ವಿಷಯದಲ್ಲಿ ಕೊಡಬಹುದೆಂಬ ಮಿತಿಯನ್ನೂ ಹೇಳದಿದ್ದುದರಿಂದ, ಸಾಮಾನ್ಯ ಮಸೂದೆಯೊಂದರ ಮೇಲೆ ತನ್ನ ವಿವೇಕದಂತೆ ಮತ ಕೊಡುವ ಸ್ವಾತಂತ್ರ್ಯ ಶಾಸಕನಿಗೆ ಉಳಿಯಲಿಲ್ಲ. 1990ರಲ್ಲಿ ದಿನೇಶ್ ಗೋಸ್ವಾಮಿ ಸಮಿತಿ ಈ ದಂಡನೆ ವಿಶ್ವಾಸಮತಕ್ಕೆ ಸೀಮಿತವಾಗಿರಲೆಂದು ಸೂಚಿಸಿತು. 1992ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾನೂನನ್ನು ಎತ್ತಿಹಿಡಿಯುವಾಗಲೇ ವಿಪ್ಪಿನ ವ್ಯಾಪ್ತಿ ಸಂಕುಚಿತವಾಗಿರಬೇಕೆಂಬ ಆಶಯವನ್ನು ಸೂಚಿಸಿತು. ವಿಪ್ಪನ್ನು ಕುರಿತ ಅನುಸೂಚಿಯ ಅಕ್ಷರಗಳು ಮಾತ್ರ ಹಾಗೆಯೇ ಉಳಿದವು.

ಈ ಕಾನೂನು ಮತ್ತು ಒಳವಿಮರ್ಶೆ ಎದುರುಬದುರಾಗಿ ನಿಂತದ್ದು 2010ರ ಅಕ್ಟೋಬರಿನಲ್ಲಿ. ಆ ಪ್ರಕರಣಕ್ಕೂ ನಮ್ಮ ಜಿಲ್ಲೆಗೂ ನಿಕಟ ಸಂಬಂಧವಿದೆ. ಆ ತಿಂಗಳ 6ರಂದು ಭಾರತೀಯ ಜನತಾ ಪಕ್ಷದ ಹನ್ನೊಂದು ಜನ ಶಾಸಕರು ರಾಜ್ಯಪಾಲ ಹಂಸರಾಜ್ ಭಾರದ್ವಾಜರಿಗೆ ಪತ್ರ ಕೊಟ್ಟು, ಬಿ.ಎಸ್. ಯಡಿಯೂರಪ್ಪನವರ ನೇತೃತ್ವದ ಸರ್ಕಾರಕ್ಕೆ ತಮ್ಮ ಬೆಂಬಲವನ್ನು ಹಿಂತೆಗೆದುಕೊಂಡರು. ಅವರಲ್ಲಿ ಅರಭಾವಿಯ ಬಾಲಚಂದ್ರ ಜಾರಕಿಹೊಳಿಯವರೂ ಕಾಗವಾಡದ ಭರಮಗೌಡ, ಅಂದರೆ ರಾಜು, ಕಾಗೆಯವರೂ ಇದ್ದರು. ಅವರ ವಾದ ಹೀಗಿತ್ತು: ನಾವು ಪಕ್ಷವನ್ನು ಬಿಟ್ಟಿಲ್ಲ, ಈ ನಾಯಕನಲ್ಲಿ ನಮಗೆ ವಿಶ್ವಾಸವಿಲ್ಲ, ಇದೇ ಪಕ್ಷದ ಬೇರೊಬ್ಬ ನಾಯಕನಾದರೆ ನಮ್ಮ ಅಡ್ಡಿಯಿಲ್ಲ. ಪಕ್ಷ ಬೇರೆ, ನಾಯಕ ಬೇರೆ ಎಂಬ ಈ ವಿವೇಚನೆಯೇ ಪ್ರಕರಣದ ಹೃದಯ. ಸಭಾಧ್ಯಕ್ಷ ಕೆ.ಜಿ. ಬೋಪಯ್ಯನವರು 7ರಂದು ನೋಟಿಸು ಕೊಟ್ಟು, 10ರ ಸಾಯಂಕಾಲದೊಳಗೆ ಉತ್ತರ ಬೇಡಿ, ವಿಶ್ವಾಸಮತದ ಮುನ್ನಾದಿನವೇ ಅವರನ್ನು ಅನರ್ಹಗೊಳಿಸಿದರು. ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳ ಅಭಿಪ್ರಾಯ ಭಿನ್ನವಾಗಿ, ಮೂರನೆಯವರ ತೀರ್ಮಾನದಿಂದ ಅನರ್ಹತೆ ಸ್ಥಿರಪಟ್ಟಿತು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು, ಸಭಾಧ್ಯಕ್ಷರು ತೋರಿದ ಆತುರ ಸಹಜನ್ಯಾಯಕ್ಕೆ ವಿರುದ್ಧವೆಂದು ಆ ಆದೇಶವನ್ನು ರದ್ದುಗೊಳಿಸಿತು.

ಆ ಹನ್ನೊಂದು ಜನರ ಅಂತರಂಗವನ್ನು ನಾನು ಬಲ್ಲೆನೆಂದು ಹೇಳುವುದಿಲ್ಲ. ಮಂತ್ರಿಪದವಿಯ ಅಪೇಕ್ಷೆ, ಪ್ರದೇಶದ ಅಸಮಾಧಾನ, ರೆಸಾರ್ಟುಗಳ ವಾಸ, ಪ್ರತಿಪಕ್ಷಗಳ ಲೆಕ್ಕಾಚಾರ, ಎಲ್ಲದರ ಸುದ್ದಿಯೂ ಅಂದಿನ ಪತ್ರಿಕೆಗಳಲ್ಲಿ ತುಂಬಿತ್ತು. ಆದರೂ ಅವರು ಎತ್ತಿದ ತತ್ತ್ವ ಅವರಿಗಿಂತ ದೊಡ್ಡದು. ಮುಂದಿನ ಜುಲೈ ಕೊನೆಯಲ್ಲಿ ಲೋಕಾಯುಕ್ತರ ಗಣಿ ವರದಿಯ ಬಳಿಕ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟಾಗ, ಪಕ್ಷ ಉಳಿಯಿತು, ಸರ್ಕಾರ ಉಳಿಯಿತು, ನಾಯಕ ಮಾತ್ರ ಬದಲಾದರು. ಒಂಬತ್ತು ತಿಂಗಳ ಹಿಂದೆ ಅನರ್ಹತೆಗೆ ಕಾರಣವಾಗಿದ್ದ ಆ ಭೇದವನ್ನು, ಅಂದರೆ ಪಕ್ಷ ಬೇರೆ, ನಾಯಕ ಬೇರೆ ಎಂಬುದನ್ನು, ವರಿಷ್ಠರೇ ತಮ್ಮ ಕೃತಿಯಿಂದ ಒಪ್ಪಿಕೊಂಡಂತಾಯಿತು.

ಆಮೇಲಿನ ಇತಿಹಾಸ ಅಷ್ಟು ಆಶಾದಾಯಕವಾಗಿಲ್ಲ. 2019ರ ಜುಲೈಯಲ್ಲಿ ಸಮ್ಮಿಶ್ರ ಸರ್ಕಾರ ಬಿದ್ದಾಗ ಅನರ್ಹರಾದ ಹದಿನೇಳು ಶಾಸಕರಲ್ಲಿ ಅಥಣಿಯ ಮಹೇಶ ಕುಮಠಳ್ಳಿಯವರೂ ಕಾಗವಾಡದ ಶ್ರೀಮಂತ ಪಾಟೀಲರೂ ಇದ್ದರು. ನಾಯಕರ ಮೇಲಿನ ಅಸಮಾಧಾನ ಅಲ್ಲಿಯೂ ಕೇಳಿಬಂತು. ಆದರೆ ಅದು ಸಭೆಯಲ್ಲಿ ವಾದವಾಗಿ ಪ್ರಕಟವಾಗದೆ ನಿರ್ಗಮನವಾಗಿ ಪರಿಣಮಿಸಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಇಬ್ಬರೂ ಬಿಜೆಪಿಯಿಂದ ಗೆದ್ದರು. ಅವರಿಗೆ ಸ್ಥಳ ಮಾಡಿಕೊಡಬೇಕಾಗಿ ಬಂದುದರಿಂದ, ಬಿಜೆಪಿಯಲ್ಲಿ ಬೆಳೆದಿದ್ದ ರಾಜು ಕಾಗೆಯವರು ಕಾಂಗ್ರೆಸ್ಸಿಗೆ ಹೋದರು. 2023ರ ಏಪ್ರಿಲ್‌ನಲ್ಲಿ ಟಿಕೆಟ್ ಕುಮಠಳ್ಳಿಯವರ ಪಾಲಾದಾಗ, ಮಾಜಿ ಉಪಮುಖ್ಯಮಂತ್ರಿ ಲಕ್ಷ್ಮಣ ಸವದಿಯವರು ಅದೇ ದಾರಿ ಹಿಡಿದು, 76 ಸಾವಿರಕ್ಕೂ ಮೀರಿದ ಅಂತರದಿಂದ ಅಥಣಿಯನ್ನು ಗೆದ್ದರು. ಕಾಗೆಯವರೂ ಕಾಗವಾಡವನ್ನು ಗೆದ್ದರು. ಹೀಗೆ ಐದೇ ವರ್ಷಗಳಲ್ಲಿ ಎರಡು ನೆರೆಯ ಕ್ಷೇತ್ರಗಳ ನಾಲ್ವರು ಪ್ರಮುಖರು ಪರಸ್ಪರ ಪಕ್ಷಗಳನ್ನು ಬದಲಾಯಿಸಿಕೊಂಡಂತಾಯಿತು. ಇದರಲ್ಲಿ ಮತದಾರರಿಗೆ ಗೆಲ್ಲಿಸುವ ಸೋಲಿಸುವ ಅವಕಾಶ ದೊರೆಯಿತು ನಿಜ. ಆದರೆ ಯಾವ ನಾಯಕನ ಯಾವ ನೀತಿ ತಪ್ಪೆಂಬ ವಿಚಾರ ಯಾವ ಸಭೆಯಲ್ಲಿಯೂ ಇತ್ಯರ್ಥವಾಗಲಿಲ್ಲ. ಹೊರಬಾಗಿಲು ಸದಾ ತೆರೆದಿರುವ ಮನೆಯಲ್ಲಿ ಒಳಮಾತು ಬೆಳೆಯುವುದಿಲ್ಲ.

ಅಂಥದರಲ್ಲಿ 2025ರ ಜೂನ್ ತಿಂಗಳಿನ ಪ್ರಸಂಗ ಗಮನಾರ್ಹವಾದುದು. ವಸತಿ ಯೋಜನೆಯ ಮನೆಗಳ ಹಂಚಿಕೆಯಲ್ಲಿ ಲಂಚ ನಡೆಯುತ್ತಿದೆಯೆಂದು ಆಳಂದದ ಕಾಂಗ್ರೆಸ್ ಶಾಸಕ ಬಿ.ಆರ್. ಪಾಟೀಲರು ದೂರವಾಣಿಯಲ್ಲಿ ಆಡಿದ ಮಾತು ಹೊರಬಿದ್ದ ಕೆಲವೇ ದಿನಗಳಲ್ಲಿ, ಕಾಗವಾಡದ ಕಾಂಗ್ರೆಸ್ ಶಾಸಕರೂ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಅಧ್ಯಕ್ಷರೂ ಆದ ರಾಜು ಕಾಗೆಯವರು ಬಹಿರಂಗವಾಗಿ ತಮ್ಮ ಸರ್ಕಾರದ ಮೇಲೆಯೇ ಆಕ್ಷೇಪವೆತ್ತಿದರು. ಮುಖ್ಯಮಂತ್ರಿಗಳು ತಮ್ಮ ಕ್ಷೇತ್ರಕ್ಕೆ ಮಂಜೂರು ಮಾಡಿದ 25 ಕೋಟಿ ರೂಪಾಯಿಗಳ ವಿಶೇಷ ಅನುದಾನದ ಕಾಮಗಾರಿ ಆದೇಶಗಳು ಎರಡು ವರ್ಷವಾದರೂ ಕೈಸೇರಿಲ್ಲ, ಆಡಳಿತವ್ಯವಸ್ಥೆ ಕುಸಿದಿದೆ, ತಾವು ರಾಜೀನಾಮೆ ಕೊಟ್ಟರೂ ಆಶ್ಚರ್ಯವಿಲ್ಲವೆಂದರು. ಅದಕ್ಕೆ ಹದಿನೈದು ವರ್ಷಗಳ ಹಿಂದೆ ಒಂದು ಪಕ್ಷದ ಮುಖ್ಯಮಂತ್ರಿಯ ವಿರುದ್ಧ ಪತ್ರಕ್ಕೆ ಸಹಿ ಹಾಕಿದವರೇ ಆಗ ಇನ್ನೊಂದು ಪಕ್ಷದ ಸರ್ಕಾರವನ್ನು ಕುರಿತು ನುಡಿದರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಇಬ್ಬರೊಡನೆಯೂ ಮಾತನಾಡಿದರು, ರಾಜೀನಾಮೆ ಬರಲಿಲ್ಲ, ಸುದ್ದಿ ಆರಿತು.

ಈ ಭಾಗದ ಚಹದ ಅಂಗಡಿಗಳಲ್ಲಿ ಇಂಥ ಸುದ್ದಿಗೆ ಮೊದಲು ಬರುವ ಪ್ರತಿಕ್ರಿಯೆ ತಮಗೆಲ್ಲ ಗೊತ್ತು. “ಸಾಹೇಬ್ರಿಗೆ ಮಂತ್ರಿಗಿರಿ ಸಿಗಲಿಲ್ಲ, ಅದಕ್ಕ ಸಿಟ್ಟಾಗ್ಯಾರ” ಎನ್ನುತ್ತಾರೆ, ಪಕ್ಷದವರು “ನಾಲ್ಕು ಗೋಡೆಗಳ ನಡುವೆ ಹೇಳಬೇಕಿತ್ತು” ಎನ್ನುತ್ತಾರೆ, ಪ್ರತಿಪಕ್ಷದವರು ಸಂತೋಷಪಡುತ್ತಾರೆ. ಮೂವರಲ್ಲಿ ಒಬ್ಬರೂ ಆ ಕಾಮಗಾರಿ ಆದೇಶಗಳು ನಿಜವಾಗಿ ಎಲ್ಲಿ ನಿಂತಿವೆ, ಯಾವ ಕಚೇರಿಯ ಯಾವ ಮೇಜಿನ ಮೇಲೆ ನಿಂತಿವೆ ಎಂದು ಕೇಳುವುದಿಲ್ಲ. ಕಬ್ಬು ಬೆಳೆಯುವ ನಾವು ಕಾರ್ಖಾನೆಯ ಕಾಟಾದ ಮೇಲೆ ಸಂಶಯ ಬಂದರೆ ಗಾಡಿಯನ್ನು ಹೊರಗಿನ ಕಾಟಾಕ್ಕೆ ಒಯ್ದು ತೂಗಿಸುತ್ತೇವೆಯೇ ಹೊರತು, ತೂಕ ತಪ್ಪೆಂದು ಹೇಳಿದವನ ಜಾತಕವನ್ನು ಪರೀಕ್ಷಿಸುತ್ತ ಕೂರುವುದಿಲ್ಲ. ರಾಜಕೀಯದಲ್ಲಿ ಮಾತ್ರ ತೂಕವನ್ನು ಬಿಟ್ಟು ಜಾತಕವನ್ನೇ ನೋಡುತ್ತೇವೆ.

ಅಸಮಾಧಾನಿಯ ಬಾಯಿಂದಲೇ ಸತ್ಯ ಏಕೆ ಬರಬೇಕು, ಸಮಾಧಾನದಿಂದಿರುವವರು ಏಕೆ ಆಡುವುದಿಲ್ಲ ಎಂದು ತಾವು ಕೇಳಬಹುದು. ಅದಕ್ಕೆ ಕಾರಣ ಮನುಷ್ಯಸ್ವಭಾವವೊಂದೇ ಅಲ್ಲ, ವ್ಯವಸ್ಥೆಯೂ ಹೌದು. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಈ ನೀರಾವರಿ ಸೀಮೆಯಲ್ಲಿ ಪಕ್ಷದ ನಾಯಕತ್ವ, ಸಕ್ಕರೆ ಕಾರ್ಖಾನೆಯ ಆಡಳಿತ, ಪತ್ತಿನ ಸಂಘ, ಶಿಕ್ಷಣಸಂಸ್ಥೆ ಇವು ಅನೇಕ ಕಡೆ ಒಂದೇ ಮನೆತನದ ಸುತ್ತ ನಿಂತಿವೆ. ಕಬ್ಬು ಕಡಿಯುವ ಸರದಿ ಯಾವಾಗ ಬರುವುದು, ಬೆಳೆಸಾಲ ನವೀಕರಣವಾಗುವುದೇ, ಮಗನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಗುವುದೇ ಎಂಬ ಚಿಂತೆಯಿರುವ ಕಾರ್ಯಕರ್ತನು ಸಾಹುಕಾರರ ಸಭೆಯಲ್ಲಿ ಎದ್ದು ನಿಂತು ನೀವು ಮಾಡಿದ್ದು ತಪ್ಪೆಂದು ಹೇಳಲಾರನು. ಪಕ್ಷಭೇದವೂ ಅವನಿಗೆ ಆಶ್ರಯವಲ್ಲ. ವಿಧಾನಸಭೆಯ ಚುನಾವಣೆಯಲ್ಲಿ ಎದುರಾಗುವ ಮನೆತನಗಳು ಸಹಕಾರಿ ಚುನಾವಣೆಯಲ್ಲಿ ಒಂದಾಗುವುದನ್ನು ಅವನು ಕಂಡಿದ್ದಾನೆ. ತಾಲೂಕು ಸಮಿತಿಗೆ ಚುನಾವಣೆಯಿಲ್ಲ, ಪಟ್ಟಿ ಮೇಲಿನಿಂದ ಬರುತ್ತದೆ. ಟಿಕೆಟ್ಟಿಗೆ ಸಭೆಯಿಲ್ಲ, ಅದು ದೆಹಲಿಯಿಂದ ಬರುತ್ತದೆ. ಹೀಗಿರಲಾಗಿ, ಕಳೆದುಕೊಳ್ಳುವುದಕ್ಕೆ ಏನೂ ಉಳಿಯದವನು ಅಥವಾ ಕೊಡಬೇಕಾದ್ದನ್ನು ಕೊಡದಿರುವಾಗ ಕೆರಳಿದವನು ಮಾತ್ರ ಬಾಯಿ ತೆರೆಯುತ್ತಾನೆ. ನಿಃಸ್ವಾರ್ಥವಾದ ವಿಮರ್ಶೆಗೆ ಸ್ಥಳವಿಲ್ಲದಂತೆ ಮಾಡಿ, ಬಳಿಕ ವಿಮರ್ಶಕರೆಲ್ಲ ಸ್ವಾರ್ಥಿಗಳೆಂದು ದೂರುವುದು ನ್ಯಾಯವಲ್ಲ.

ಇದು ಒಂದು ಪಕ್ಷದ ರೋಗವಲ್ಲ. ಪಕ್ಷದ ರಾಜ್ಯಾಧ್ಯಕ್ಷರನ್ನೂ ಅವರ ತಂದೆ ಯಡಿಯೂರಪ್ಪನವರನ್ನೂ ಸತತವಾಗಿ ಟೀಕಿಸಿದ ವಿಜಯಪುರದ ಬಸನಗೌಡ ಪಾಟೀಲ ಯತ್ನಾಳರನ್ನು ಬಿಜೆಪಿ 2025ರ ಮಾರ್ಚಿನಲ್ಲಿ ಆರು ವರ್ಷಗಳ ಅವಧಿಗೆ ಉಚ್ಚಾಟಿಸಿತು. ಮತದಾರರ ಪಟ್ಟಿ ಸಿದ್ಧವಾದದ್ದು ನಮ್ಮ ಸರ್ಕಾರದ ಕಾಲದಲ್ಲಿಯೇ ಅಲ್ಲವೇ ಎಂದು ಕೇಳಿದ ಕೆ.ಎನ್. ರಾಜಣ್ಣನವರು ಅದೇ ವರ್ಷದ ಆಗಸ್ಟಿನಲ್ಲಿ ಕಾಂಗ್ರೆಸ್ ಮಂತ್ರಿಮಂಡಲದಿಂದ ಹೊರಬಿದ್ದರು. ಯತ್ನಾಳರ ಭಾಷೆಯನ್ನು ನಾನು ಸಮರ್ಥಿಸುವುದಿಲ್ಲ. ಸಂಯಮವಿಲ್ಲದ ನುಡಿ ಸತ್ಯಕ್ಕೂ ಅಪಕಾರಿ. ಸಂಪುಟದ ಸಾಮೂಹಿಕ ಹೊಣೆಗಾರಿಕೆ ಎಂಬ ತತ್ತ್ವವನ್ನೂ ಬಲ್ಲೆ: ಮಂತ್ರಿಯಾದವನು ಒಂದೋ ಒಳಗೆ ವಾದಿಸಿ ಸುಮ್ಮನಿರಬೇಕು, ಇಲ್ಲವೆ ಪದವಿ ಬಿಟ್ಟು ಮಾತನಾಡಬೇಕು. ಆದರೆ ಈ ನಿರ್ಬಂಧ ಮಂತ್ರಿಗೆ. ಸಾಮಾನ್ಯ ಶಾಸಕನಿಗೆ, ಪಕ್ಷದ ಸದಸ್ಯನಿಗೆ ಅದನ್ನು ವಿಸ್ತರಿಸುವುದು ಸಲ್ಲದು.

ನಾಯಕರ ಪರವಾಗಿ ಹೇಳಬಹುದಾದ ಬಲವಾದ ಮಾತು ಒಂದಿದೆ. ಬಹಿರಂಗ ಟೀಕೆಯಿಂದ ಶತ್ರುವಿಗೆ ಲಾಭ. ಒಳಗೆ ಹೇಳಿದರೆ ಸರಿಪಡಿಸುತ್ತೇವೆ. ಇದನ್ನು ನಾನು ಗೌರವದಿಂದಲೇ ಪರಿಶೀಲಿಸುತ್ತೇನೆ. ಒಳಗೆ ಹೇಳುವ ಸ್ಥಳ ಇದ್ದರೆ, ಹೇಳಿದ್ದು ದಾಖಲೆಯಾಗುವುದಾದರೆ, ನಿಯತವಾದ ಕಾಲದೊಳಗೆ ಉತ್ತರ ಬರುವುದಾದರೆ, ಮೊದಲು ಅಲ್ಲಿಯೇ ಹೇಳುವುದು ಸದಸ್ಯನ ಕರ್ತವ್ಯ. ಆದರೆ ನಾಲ್ಕು ಗೋಡೆಗಳ ನಡುವೆ ಹೇಳೆಂದು ಬೋಧಿಸುವವರು ಆ ಗೋಡೆಗಳನ್ನು ಮೊದಲು ಕಟ್ಟಿಸತಕ್ಕದ್ದು. 1925ರಲ್ಲಿ ನಮ್ಮ ನಿಪ್ಪಾಣಿಗೆ ಬಂದು ದಲಿತರ ಪರಿಷತ್ತಿನಲ್ಲಿ ಮಾತನಾಡಿದ ಡಾಕ್ಟರ್ ಅಂಬೇಡ್ಕರರು, 1949ರ ನವೆಂಬರ್ 25ರಂದು ಸಂವಿಧಾನಸಭೆಯಲ್ಲಿ ಮಾಡಿದ ಭಾಷಣದಲ್ಲಿ, ಧರ್ಮದಲ್ಲಿ ಭಕ್ತಿ ಆತ್ಮೋದ್ಧಾರಕ್ಕೆ ಮಾರ್ಗವಾಗಬಹುದಾದರೂ ರಾಜಕಾರಣದಲ್ಲಿ ಅದು ಅಧಃಪತನಕ್ಕೂ ಸರ್ವಾಧಿಕಾರಕ್ಕೂ ದಾರಿಯೆಂದು ಎಚ್ಚರಿಸಿದರು. ಆ ಎಚ್ಚರಿಕೆ ಪ್ರಜೆಗಳಿಗೆ ಮಾತ್ರವಲ್ಲ, ಪಕ್ಷದ ಸದಸ್ಯರಿಗೂ ಅನ್ವಯಿಸುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಪಕ್ಷಗಳು ತಾಲೂಕು ಸಮಿತಿಗಳಿಗೆ ಗುಪ್ತಮತದಿಂದ ಚುನಾವಣೆ ನಡೆಸಲಿ. ಸಭೆಯಲ್ಲಿ ಸದಸ್ಯನು ಎತ್ತಿದ ಆಕ್ಷೇಪವೂ ಅದಕ್ಕೆ ಕೊಟ್ಟ ಉತ್ತರವೂ ನಡಾವಳಿಯಲ್ಲಿ ನಮೂದಾಗಲಿ. ಸಂಸತ್ತು ವಿಪ್ಪಿನ ದಂಡನೆಯನ್ನು ವಿಶ್ವಾಸಮತಕ್ಕೂ ಆಯವ್ಯಯಕ್ಕೂ ಸೀಮಿತಗೊಳಿಸಲಿ. ಇವು ದೊಡ್ಡವರ ಕೆಲಸಗಳು. ಯಾವಾಗ ಆಗುವುವೋ ಹೇಳಲಾರೆ. ನಮ್ಮ ಕೈಯಲ್ಲಿಯೇ ಇರುವ ಕೆಲಸ ಎರಡು. ಶಾಸಕನೊಬ್ಬನು ತನ್ನ ಸರ್ಕಾರವನ್ನೇ ಆಕ್ಷೇಪಿಸಿದಾಗ, ಅವನಿಗೆ ಏನು ಸಿಗಲಿಲ್ಲವೆಂದು ವಿಚಾರಿಸುವ ಮೊದಲು ಅವನು ಹೇಳಿದ್ದು ನಿಜವೇ ಎಂದು ವಿಚಾರಿಸೋಣ. ಮಾಹಿತಿ ಹಕ್ಕಿನ ಅರ್ಜಿ 2005ರಿಂದ ಪ್ರತಿಯೊಬ್ಬ ಪ್ರಜೆಯ ಕೈಯಲ್ಲಿದೆ. ನಿಜವೆಂದು ಕಂಡುಬಂದರೆ, ಅವನ ಅಸಮಾಧಾನ ಶಮನವಾದ ಮೇಲೆಯೂ ಆ ಮಾತಿಗೆ ಅವನನ್ನು ಬದ್ಧನನ್ನಾಗಿಸೋಣ. ಆಡಳಿತ ಕುಸಿದಿದೆಯೆಂದು ಜೂನ್ ತಿಂಗಳಿನಲ್ಲಿ ಹೇಳಿದವರನ್ನು ಮುಂದಿನ ಜೂನಿನಲ್ಲಿ ಗ್ರಾಮಸಭೆಗೆ ಕರೆದು, ಈಗ ಎದ್ದು ನಿಂತಿದೆಯೇ, ಎದ್ದಿದ್ದರೆ ಹೇಗೆ, ಎದ್ದಿಲ್ಲದಿದ್ದರೆ ತಾವೇಕೆ ಸುಮ್ಮನಿದ್ದೀರಿ ಎಂದು ವಿನಯದಿಂದ, ಆದರೆ ಬಿಡದೆ ಕೇಳೋಣ. ತಮ್ಮ ಟೀಕೆಗೆ ವರಿಷ್ಠರು ಉತ್ತರ ಕೇಳುವರೆಂಬುದು ಶಾಸಕರಿಗೆ ಗೊತ್ತು. ತಮ್ಮ ಮೌನಕ್ಕೆ ಮತದಾರರು ಉತ್ತರ ಕೇಳುವರೆಂಬುದೂ ಗೊತ್ತಾದ ದಿನ, ಸ್ವಪಕ್ಷದ ವಿಮರ್ಶೆ ಅಸಮಾಧಾನಿಗಳ ಸೊತ್ತಾಗಿ ಉಳಿಯುವುದಿಲ್ಲ.

ನನ್ನ ಮಾತಿನಲ್ಲಿ ಒಪ್ಪದ ಅಂಶಗಳಿದ್ದರೆ ಇದೇ ಸಭೆಯಲ್ಲಿ ಎದ್ದು ನಿಂತು ಹೇಳಬೇಕೆಂದು ಪ್ರಾರ್ಥಿಸುತ್ತೇನೆ.